ಮಾತು ಬರಲೆಂದು ಪ್ಲೇ ಸ್ಕೂಲು: ಹುಬ್ಬಳ್ಳಿಯ ಒಂದು ಪ್ರಕರಣ

ಮಗುವಿಗೆ ಆಗ 2 ವರ್ಷ 5 ತಿಂಗಳು. ಹುಟ್ಟಿದ್ದು 2022ರ ಆಗಸ್ಟ್‌ನಲ್ಲಿ, ದಿನ ತುಂಬಿ, ತೊಂದರೆ ಇಲ್ಲದ ಹೆರಿಗೆ. ಕುತ್ತಿಗೆ ನಿಂತದ್ದು, ಕೂತದ್ದು, ನಡೆದದ್ದು ಎಲ್ಲ ವೇಳೆಗೆ ಸರಿಯಾಗಿ. ಹೆಸರು ಬದಲಿಸಿದ್ದೇನೆ; ಚಿನ್ನು ಎನ್ನೋಣ. ಹುಬ್ಬಳ್ಳಿಯಲ್ಲಿ ಓಣಿಗೊಬ್ಬ ಚಿನ್ನು ಇರುವುದರಿಂದ ಗುರುತು ಹತ್ತುವ ಭಯವಿಲ್ಲ.

ಮಾತು ತಡವಾಗಿದೆ ಎಂದು ಮನೆಯವರು ವಾಕ್-ಶ್ರವಣ ತಜ್ಞೆಯಾದ ನನ್ನ ಹತ್ತಿರ ಬಂದದ್ದು 2025ರ ಜನವರಿ, ಸಂಕ್ರಮಣ ಮುಗಿದ ವಾರ. ಅಷ್ಟೊತ್ತಿಗೆ ಊರಿನ ಖಾಸಗಿ ಶಾಲೆಗಳ ಗೇಟಿಗೆಲ್ಲ ‘ಅಡ್ಮಿಷನ್ ಓಪನ್’ ಬ್ಯಾನರ್ ಬಿದ್ದಿರುತ್ತವೆ. ತಂದೆಯ ಪ್ರಶ್ನೆ ನೇರವಾಗಿತ್ತು: ‘ಮೇಡಂ, ಪ್ಲೇ ಸ್ಕೂಲಿಗೆ ಹಾಕಿದ್ರ ಮಾತು ಬರ್ತಾವೇನ್ರಿ? ಅವರು ಎರಡು ತಿಂಗಳದಾಗ ಇಂಗ್ಲಿಷ್‌ನ್ಯಾಗ ಮಾತಾಡಸ್ತೀವಿ ಅಂತಾರ.’ ತಾಯಿ ಸುಮ್ಮನಿದ್ದರು. ಅಜ್ಜಿ ಮಾತ್ರ, ‘ಇವರಪ್ಪನೂ ಮೂರು ವರ್ಷಕ್ಕ ಬಾಯಿ ಬಿಟ್ಟಾಂವ. ಸುಮ್ಮನ ಗಾಬರಿ ಆಗ್ತಾರ’ ಅಂದರು.

ವಾಕ್-ಶ್ರವಣ ತಜ್ಞರ ಹತ್ತಿರ ಬರುವ ಎರಡು-ಎರಡೂವರೆ ವರ್ಷದ ಮಕ್ಕಳ ಮನೆಗಳಲ್ಲಿ ಈ ಎರಡೂ ದನಿ ಕೇಳುತ್ತವೆ. ಒಂದು, ‘ಶಾಲೆಗೆ ಹಾಕಿದರೆ ಸರಿಹೋಗುತ್ತದೆ’. ಇನ್ನೊಂದು, ‘ತಾನೇ ಸರಿಹೋಗುತ್ತದೆ’. ಎರಡರಲ್ಲೂ ಮಗುವನ್ನು ನೋಡುವ ಕೆಲಸ ತಪ್ಪಿಹೋಗುತ್ತದೆ. ಅದಕ್ಕೇ ಶಾಲೆಯ ಮಾತನ್ನು ಪಕ್ಕಕ್ಕಿಟ್ಟು ಮೊದಲು ಕಿವಿ ನೋಡಿದೆವು.

ಕಿವಿ, ಕಣ್ಣು, ಬೆರಳು

ಮಾತು ತಡವಾದ ಯಾವ ಮಗುವಿಗಾದರೂ ಮೊದಲ ಪರೀಕ್ಷೆ ಶ್ರವಣದ್ದು. ‘ಟಿವಿ ಸಪ್ಪಳಕ್ಕ ಓಡಿ ಬರ್ತಾನ್ರಿ’ ಎಂಬುದು ಪುರಾವೆ ಅಲ್ಲ. ಸಪ್ಪಳ ಕೇಳುವ ಮಗುವಿಗೂ ಮಾತಿನ ಸಣ್ಣ ದನಿಗಳು ಮಸುಕಾಗಿ ಕೇಳುತ್ತಿರಬಹುದು. ಚಿನ್ನುವಿನ ಬಲಗಿವಿ ಸರಿಯಾಗಿತ್ತು. ಎಡಗಿವಿ ಓಎಇ ಪರೀಕ್ಷೆಯಲ್ಲಿ (ದನಿಗೆ ಒಳಗಿವಿ ಕೊಡುವ ಪ್ರತಿಧ್ವನಿ ಅಳೆಯುವುದು) ಪಾಸಾಗಲಿಲ್ಲ, ಕಿವಿಪರದೆ ಎಷ್ಟು ಅಲುಗುತ್ತದೆಂದು ನೋಡುವ ಟಿಂಪನೋಮೆಟ್ರಿಯಲ್ಲಿ ಗೆರೆ ಚಪ್ಪಟೆ ಬಂತು. ಅಂದರೆ ಕಿವಿಪರದೆಯ ಹಿಂದೆ ನೀರು ನಿಂತಿರುವ ಸಾಧ್ಯತೆ. ದೀಪಾವಳಿಯಿಂದ ಒಂದಾದ ಮೇಲೊಂದು ನೆಗಡಿ ಆಗಿತ್ತಂತೆ. ಕಿವಿ-ಮೂಗು-ಗಂಟಲು ವೈದ್ಯರಿಗೆ ಕಳಿಸಿದೆ. ಅವರು ಸದ್ಯಕ್ಕೆ ಏನೂ ಬೇಡ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು. ಇಂಥ ನೀರು ಬಹಳ ಮಕ್ಕಳಲ್ಲಿ ತಾನಾಗಿಯೇ ಇಂಗುತ್ತದೆ, ಹಾಗಾಗಿ ಕಾಯುವುದೇ ರೂಢಿ. ಖರ್ಚಿಗೆ ಹಿಂಜರಿಯುವ ಮನೆಗಳಿಗೆ ಒಂದು ಮಾತು: 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಪ್ರವೇಶ ಕೇಂದ್ರಗಳಿವೆ, ಮಾತು, ಶ್ರವಣ, ಬೆಳವಣಿಗೆಯ ತಪಾಸಣೆ ಅಲ್ಲಿ ಪುಕ್ಕಟೆ.

ಎರಡನೆಯದು, ಮಗು ನಮ್ಮೊಂದಿಗೆ ಸೇರುತ್ತದೋ ಇಲ್ಲವೋ ಎಂಬುದು. ಹೆಸರು ಕರೆದರೆ ತಿರುಗಿ ನೋಡುತ್ತಿದ್ದ. ಕಿಟಕಿಯಲ್ಲಿ ಪಾರಿವಾಳ ಕಂಡಾಗ ಬೆರಳು ಮಾಡಿ, ನನ್ನ ಮುಖ ನೋಡಿ, ಮತ್ತೆ ಪಾರಿವಾಳ ನೋಡಿದ. ‘ನಾನು ಕಂಡದ್ದನ್ನು ನೀನೂ ನೋಡು’ ಎಂದು ಹಂಚಿಕೊಳ್ಳುವ ಈ ಬೆರಳು ಶಬ್ದಗಳಿಗಿಂತ ಹೆಚ್ಚು ಹೇಳುತ್ತದೆ. ಖಾಲಿ ಲೋಟದಲ್ಲಿ ಗೊಂಬೆಗೆ ಚಹಾ ಕುಡಿಸಿದ. 16ರಿಂದ 30 ತಿಂಗಳ ಮಕ್ಕಳಲ್ಲಿ ಆಟಿಸಂ ಲಕ್ಷಣ ಇದೆಯೇ ಎಂದು ಹೆತ್ತವರನ್ನು ಕೇಳುವ ಎಂ-ಚಾಟ್ ಪ್ರಶ್ನಾವಳಿಯಲ್ಲೂ ಕಾಳಜಿಪಡುವ ಅಂಕ ಬರಲಿಲ್ಲ. ‘ಆಯಿ ಚಪ್ಪಲಿ ತಂದು ಬಾಗಲ ಹಿಂದ ಇಡು’ ಎಂಬಂಥ ಎರಡು ಹೆಜ್ಜೆಯ ಮಾತು ಅವನಿಗೆ ತಿಳಿಯುತ್ತಿತ್ತು. ತಿಳಿವಳಿಕೆ ವಯಸ್ಸಿಗೆ ತಕ್ಕಷ್ಟಿತ್ತು, ಹಿಂದೆ ಬಿದ್ದದ್ದು ಆಡುವ ಮಾತು.

ಎಣಿಸಿದ ಶಬ್ದಗಳು

ತಾಯಿ ಬರೆದು ತಂದ ಪಟ್ಟಿಯಲ್ಲಿ 14 ಶಬ್ದ ಇದ್ದವು. ಅದರಲ್ಲಿ ಐದು ಇಂಗ್ಲಿಷ್ ಬಣ್ಣ. ಜೊತೆಗೆ ಎ-ಬಿ-ಸಿ ಪೂರ್ತಿ ಹೇಳುತ್ತಾನೆ ಎಂಬ ಹೆಮ್ಮೆಯ ಟಿಪ್ಪಣಿ. ಎ-ಬಿ-ಸಿಯನ್ನು ನಾನು ಎಣಿಸಲಿಲ್ಲ. ಆ ರಾಗದಿಂದ ಮಗು ಯಾರನ್ನೂ ಏನನ್ನೂ ಕೇಳುವುದಿಲ್ಲ.

ಎಣಿಕೆಯ ರೀತಿ ಹೀಗೆ: ಉಚ್ಚಾರ ಸರಿ ಇರಬೇಕಿಲ್ಲ, ಅದೇ ದನಿ ಅದೇ ಅರ್ಥಕ್ಕೆ, ಯಾರೂ ಹೇಳಿಕೊಡದೆ, ಮತ್ತೆ ಮತ್ತೆ ಬಂದರೆ ಅದು ಶಬ್ದ. ‘ಭೌ ಭೌ’ ಶಬ್ದವೇ. ‘ನೀ’ ಅಂದು ನೀರು ಕೇಳಿದರೆ ಅದೂ ಶಬ್ದವೇ. ಭಾಷೆ ಯಾವುದಾದರೂ ಆಗಲಿ, ಎಲ್ಲವನ್ನೂ ಕೂಡಿಸಬೇಕು. ಫ್ರಿಜ್ ಬಾಗಿಲಿಗೆ ಹಾಳೆ ಅಂಟಿಸಿ, ಒಂದು ವಾರ ಮನೆಯವರೆಲ್ಲ ಕೇಳಿಸಿದ್ದನ್ನು ಬರೆಯಲಿ ಎಂದೆ. ಅಜ್ಜಿಗೆ ಬರೆಯಲು ಬಾರದು; ಅವರು ಹೇಳಿದ್ದನ್ನು ಮೇಲಿನ ಮನೆಯ ಕಾಲೇಜು ಹುಡುಗಿ ಬರೆದಳು. ವಾರದ ಕೊನೆಗೆ ಪಟ್ಟಿ 43ಕ್ಕೆ ಏರಿತ್ತು. ಹೆಚ್ಚಿದ್ದರಲ್ಲಿ ಬಹುಪಾಲು ಅಜ್ಜಿ ಕೇಳಿಸಿಕೊಂಡವು: ಬ್ಯಾಡ, ಕೊಡ, ಬಿತ್ತು, ಹೋತು, ಒಲ್ಲೆ, ಹಾಲ, ಮನಿಗೆ. ಕೆಲವು ತಾಯಿಯ ಮರಾಠಿ. ‘ನೀ’ಯೂ ಇತ್ತು, ‘ಪಾಣಿ’ಯೂ ಇತ್ತು.

ಅವನ ಅಚ್ಚುಮೆಚ್ಚಿನ ಶಬ್ದ ‘ಚಿಗಿ’. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಬಿಆರ್‌ಟಿಎಸ್ ಚಿಗರಿ ಬಸ್ಸಿಗೆ ಇಟ್ಟ ಹೆಸರು. ಅಜ್ಜಿ ಸಂಜೆ ಹೊತ್ತು ಎತ್ತಿಕೊಂಡು ಹೋಗಿ ಬಸ್ ತೋರಿಸುತ್ತಿದ್ದರು. ಆದರೆ ವಾಯವ್ಯ ಸಾರಿಗೆಯ ಬಸ್ಸೂ ಚಿಗಿ, ಲಾರಿಯೂ ಚಿಗಿ, ಒಮ್ಮೆ ನೀರಿನ ಟ್ಯಾಂಕರ್ ಕೂಡ ಚಿಗಿ. ತಂದೆಗೆ ಇದು ಗೊಂದಲದ ಲಕ್ಷಣ ಅನ್ನಿಸಿತ್ತು. ಅದು ಕಲಿಕೆಯ ಲಕ್ಷಣ. ದೊಡ್ಡದು, ರಸ್ತೆಯ ಮೇಲೆ ಹೋಗುವುದು, ಸಪ್ಪಳ ಮಾಡುವುದು ಎಂದು ಗುಂಪು ಮಾಡಿ, ಕೈಯಲ್ಲಿದ್ದ ಒಂದೇ ಶಬ್ದವನ್ನು ಅಷ್ಟಕ್ಕೂ ಹಂಚಿದ್ದ.

ಇನ್ನು 43 ಸಾಕೋ ಸಾಲದೋ? ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ತಿದ್ದಿದ ಮಕ್ಕಳ ಬೆಳವಣಿಗೆಯ ಪಟ್ಟಿಯ ಪ್ರಕಾರ 30 ತಿಂಗಳಿಗೆ ಸುಮಾರು 50 ಶಬ್ದ, ಮತ್ತು ಕ್ರಿಯಾಪದ ಸೇರಿದ ಎರಡು ಶಬ್ದಗಳ ಜೋಡಣೆ ಇರಬೇಕು. ಇವನಲ್ಲಿ ಜೋಡಣೆ ನಾಲ್ಕೈದು ಮಾತ್ರ: ‘ಚಿಗಿ ಹೋತು’, ‘ಅಜ್ಜಿ ಬಾ’. ಅಂಚಿನಲ್ಲಿದ್ದ ಎನ್ನಬೇಕು. ಆದರೆ ಆ ಪಟ್ಟಿಗಳು ಇಂಗ್ಲಿಷ್ ಮಕ್ಕಳ ಮೇಲೆ ಅಳೆದವು. ಕನ್ನಡದ ಮಗು ಎರಡು ಶಬ್ದ ಜೋಡಿಸದೆಯೂ ವ್ಯಾಕರಣ ತೋರಿಸಬಲ್ಲದು. ‘ಮನಿಗೆ’ ಎನ್ನುವಾಗ ವಿಭಕ್ತಿ ಬಂತು. ‘ಬಿತ್ತು’ ಎನ್ನುವಾಗ ಕಾಲ ಬಂತು. ‘ಒಲ್ಲೆ’ ಎಂದಾಗ ಒಲ್ಲದವ ಯಾರು ಎಂಬುದೂ ಅದರಲ್ಲೇ ಬಂತು. ಕೇವಲ ಶಬ್ದ ಎಣಿಸಿ ಕೂತರೆ ಇದೆಲ್ಲ ಜರಡಿಯಲ್ಲಿ ಸೋರಿ ಹೋಗುತ್ತದೆ. ಈ ಪ್ರತ್ಯಯಗಳನ್ನು ಕಂಡ ಮೇಲೆಯೇ ನನಗೆ ಸ್ವಲ್ಪ ಧೈರ್ಯ ಬಂದದ್ದು.

ಮನೆಯ ಮಾತು

ತಂದೆ ಗೋಕುಲ ರೋಡಿನ ಒಂದು ಖಾಸಗಿ ಕಂಪನಿಯಲ್ಲಿ. ಬೆಳಿಗ್ಗೆ ಹೋದರೆ ರಾತ್ರಿ ಎಂಟು. ತಾಯಿ ಬೆಳಗಾವಿ ಕಡೆಯವರು, ಮನೆಮಾತು ಮರಾಠಿ, ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ. ಅಜ್ಜಿ ನವಲಗುಂದ ಕಡೆಯ ಹಳ್ಳಿಯವರು, ಕನ್ನಡ ಬಿಟ್ಟರೆ ಬೇರೆ ಬಾರದು. ಹುಬ್ಬಳ್ಳಿ ಮಟ್ಟಿಗೆ ಇದು ಸಾಮಾನ್ಯ ಮನೆ. ಇಲ್ಲಿ ಎಷ್ಟೋ ಮಕ್ಕಳು ಕನ್ನಡ, ಮರಾಠಿ, ಉರ್ದು, ಕೊಂಕಣಿಗಳ ನಡುವೆಯೇ ಬೆಳೆಯುತ್ತವೆ.

ಮಗು ಮಾತಾಡದ್ದಕ್ಕೆ ಯಾರೋ ಬಂಧುಗಳು ಕಾರಣ ಹುಡುಕಿಕೊಟ್ಟಿದ್ದರು: ಎರಡು ಭಾಷೆ ಕಿವಿಗೆ ಬಿದ್ದು ಗೊಂದಲ ಆಗಿದೆ, ಹೇಗೂ ಇಂಗ್ಲಿಷ್ ಶಾಲೆಗೆ ಹಾಕುವವರು, ಮರಾಠಿ ಬಿಟ್ಟು ಇಂಗ್ಲಿಷೇ ಆಡಿರಿ. ತಾಯಿ ಆರೇಳು ತಿಂಗಳಿಂದ ಅದನ್ನೇ ಪಾಲಿಸುತ್ತಿದ್ದರು.

ಎರಡು ಭಾಷೆಯಿಂದ ಮಾತು ತಡವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಹಸುಗೂಸುಗಳ ಕಿವಿ ಇದಕ್ಕೆ ತಯಾರಾಗಿಯೇ ಬಂದಿರುತ್ತದೆ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಹೆಸರಾಂತ ಅಧ್ಯಯನ ಇದೆ. ಇಂಗ್ಲಿಷ್ ಮನೆಯ ಕೂಸುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿದರು. ಆರೆಂಟು ತಿಂಗಳಲ್ಲಿ ಅವಕ್ಕೆ ಎರಡರ ವ್ಯತ್ಯಾಸ ತಿಳಿಯುತ್ತಿತ್ತು. ವರ್ಷ ತುಂಬುವ ಹೊತ್ತಿಗೆ ಕಿವಿ ಮನೆಯ ಭಾಷೆಗೆ ಒಗ್ಗಿ, ಆ ವ್ಯತ್ಯಾಸ ಕಳೆದುಹೋಗಿತ್ತು. ಚಿನ್ನುವಿಗೆ ಕನ್ನಡದಲ್ಲೂ ಮರಾಠಿಯಲ್ಲೂ ಈ ತ-ಟ ಇದ್ದೇ ಇವೆ.

ಆದರೆ ಇಲ್ಲಿ ವಿಷಯ ಬೇರೆ ಇತ್ತು. ಸ್ನಾನ, ಊಟ, ನಿದ್ದೆಯ ಹೊತ್ತಿನ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ ಎಂದಿದ್ದೆ. ಸ್ನಾನದಲ್ಲೂ ಊಟದಲ್ಲೂ ತಾಯಿಯ ಇಂಗ್ಲಿಷ್ ಇಷ್ಟೇ: ಕಮ್, ಸಿಟ್, ಓಪನ್ ಯುವರ್ ಮೌತ್, ನೋ ನೋ, ಗುಡ್ ಬಾಯ್. ಆಫೀಸಿನಲ್ಲಿ ನಿರರ್ಗಳವಾಗಿ ಇಂಗ್ಲಿಷ್ ಆಡುವ ಹೆಣ್ಣುಮಗಳು. ಮಗನೊಂದಿಗೆ ಮಾತ್ರ ಅದು ಬರೀ ಹುಕುಂ ಆಗಿತ್ತು. ರಾತ್ರಿಯ ರೆಕಾರ್ಡಿಂಗ್‌ನಲ್ಲಿ ಅವರಿಗೂ ನಿದ್ದೆಗಣ್ಣು. ನಿಯಮ ಮರೆತು ಮರಾಠಿಗೆ ಹೊರಳಿ ಕಾಗೆ-ಗುಬ್ಬಿಯ ಕಥೆ ಹೇಳಿದ್ದರು. ಮಳೆಗೆ ಸಗಣಿ ಮನೆ ಕಳಕೊಂಡ ಕಾಗೆ ಬಂದು ಬಾಗಿಲು ಬಡಿಯುತ್ತದೆ, ಗುಬ್ಬಿ ಪ್ರತಿ ಸಲ ‘ಥಾಂಬ, ಮಾಝ್ಯಾ ಬಾಳಾಲಾ ಆಂಘೋಳ ಘಾಲತೇ’ ಎನ್ನುತ್ತದೆ: ತಾಳು, ನನ್ನ ಮಗುವಿಗೆ ಎರೆಯುತ್ತಿದ್ದೇನೆ. ಮೂರನೇ ಸಲ ಕಾಗೆ ಬಾಗಿಲು ಬಡಿದಾಗ ತಾಯಿ ಆಕಳಿಸಿದರು, ಮಾತು ತಡವಾಯಿತು. ಆ ಖಾಲಿ ಜಾಗದಲ್ಲಿ ಸಣ್ಣ ದನಿ: ‘ತಾಂಬ.’

ಇದು ಅವರ ಪಟ್ಟಿಯಲ್ಲಿ ಇರಲೇ ಇಲ್ಲ. ಹೆಡ್‌ಫೋನ್ ಹಾಕಿ ಕೇಳಿಸಿದಾಗ ತಾಯಿ ಎರಡು ಸಲ ಹಿಂದೆ ಹೋಗಿ ಕೇಳಿದರು.

ಸಲಹೆ ಅಲ್ಲಿಂದಲೇ ಹುಟ್ಟಿತು. ನಿಮಗೆ ಯಾವ ಭಾಷೆಯಲ್ಲಿ ಮಗನಿಗೆ ಹೇಳಲು ಮಾತು ತುಂಬಿಕೊಂಡಿದೆಯೋ ಅದನ್ನೇ ಆಡಿ, ಮರಾಠಿಗೆ ವಾಪಸ್ ಹೋಗಿ ಎಂದೆ. ಅತ್ತೆಯ ಎದುರು ಮರಾಠಿ ಆಡುವುದಕ್ಕೆ ಅವರಿಗೆ ಒಂದಿಷ್ಟು ಮುಜುಗರ ಇತ್ತೆಂದು ಕಾಣುತ್ತದೆ. ಅಜ್ಜಿಯೇ ಅದನ್ನು ಬಿಡಿಸಿದರು: ‘ಆಡವಾ, ನನಗೂ ನಾಕ್ ಮಾತು ಬರ್ಲಿ.’ ಅವರಿಗೆ ಅದೇ ಕಥೆ ಕನ್ನಡದಲ್ಲಿ ಬರುತ್ತಿತ್ತು, ‘ಗುಬ್ಬಕ್ಕ ಗುಬ್ಬಕ್ಕ, ಕದ ತೆಗಿ’ ಎಂದು. ಮಧ್ಯಾಹ್ನ ಒಂದು ಭಾಷೆಯಲ್ಲಿ, ರಾತ್ರಿ ಇನ್ನೊಂದರಲ್ಲಿ ಒಂದೇ ಕಥೆ.

ಅಜ್ಜಿಯದು ಬೇರೆ ಸಮಸ್ಯೆ. ಮೊಮ್ಮಗನ ಕಣ್ಣು ಡಬ್ಬಿಯ ಕಡೆ ಹೋಗುವುದರೊಳಗೆ ಡಬ್ಬಿ ಕೈಗೆ ಬಂದಿರುತ್ತಿತ್ತು. ಕೇಳುವ ಗರಜೇ ಇಲ್ಲ. ಕ್ಲಿನಿಕ್ಕಿನ ಚಾಪೆಯ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಚುರುಮುರಿ ಹಾಕಿ ಅವನ ಮುಂದಿಟ್ಟೆ. ಅಲುಗಾಡಿಸಿದ. ಹಲ್ಲಿನಿಂದ ಕಚ್ಚಿ ನೋಡಿದ. ಅಜ್ಜಿಯ ಕೈ ಮುಂದೆ ಬಂತು. ತಡೀರಿ ಅಮ್ಮಾರ ಎಂದು ಸನ್ನೆ ಮಾಡಿದೆ. ಡಬ್ಬಿ ತಂದು ನನ್ನ ತೊಡೆಯ ಮೇಲಿಟ್ಟು ನನ್ನನ್ನೇ ನೋಡಿದ. ನಾನೂ ಹುಬ್ಬೆತ್ತಿ ಅವನನ್ನು ನೋಡಿದೆ. ಅಜ್ಜಿಗೆ ತಡೆಯಲಾಗದೆ ಸೆರಗು ಹಿಂಡುತ್ತಿದ್ದರು. ಕೊನೆಗೆ ‘ತಗಿ’ ಎಂದ. ತೆಗೆದೆ, ‘ತಗೀಲಿ? ಮುಚ್ಚಳ ತಗೀಲಿ? ತಗದೆ ನೋಡು’ ಎಂದು ಅವನ ಮಾತಿಗೇ ಇನ್ನೆರಡು ಮಾತು ಕೂಡಿಸಿದೆ. ಮನೆಯವರಿಗೆ ಹೇಳಿಕೊಟ್ಟದ್ದೂ ಇಷ್ಟೇ: ಸ್ವಲ್ಪ ಕಾಯಿರಿ, ಅಂದದ್ದಕ್ಕೆ ಒಂದೆರಡು ಕೂಡಿಸಿ ತಿರುಗಿ ಹೇಳಿ. ‘ಸರಿಯಾಗಿ ಹೇಳು’ ಎಂದು ಒತ್ತಾಯಿಸಬೇಡಿ. ‘ಚಿಗಿ’ ಅಂದರೆ ‘ಹೌದು, ಚಿಗರಿ ಬಂತು, ದೊಡ್ಡ ಚಿಗರಿ’ ಅನ್ನಿ.

ಮೊಬೈಲಿನ ಕಥೆ ಹೆಚ್ಚು ಹೇಳಬೇಕಿಲ್ಲ, ಎಲ್ಲರ ಮನೆಯದೂ ಅದೇ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ಇಲ್ಲಿ ಮೂರು ಹೊತ್ತಿನ ಊಟವೂ ಪರದೆಯ ಮುಂದೆ. ಊಟದಿಂದ ಮೊಬೈಲ್ ತೆಗೆಯಲು ಹೇಳಿದೆ. ಮೊದಲ ದಿನಗಳಲ್ಲಿ ಅವನು ತಟ್ಟೆ ನೂಕಿದ, ಅಜ್ಜಿ ಕದ್ದು ಮೊಬೈಲ್ ಕೊಟ್ಟರು, ಅತ್ತೆ-ಸೊಸೆ ನಡುವೆ ಮಾತಾಯಿತು. ಕ್ರಮೇಣ ಪರದೆ ರಾತ್ರಿ ಅಪ್ಪನ ಜೊತೆ ಸ್ವಲ್ಪ ಹೊತ್ತಿಗೆ ಇಳಿಯಿತು. ಪೂರ್ತಿ ನಿಂತಿಲ್ಲ.

ವರ್ಷ ಹಾಳಾಗುವುದಿಲ್ಲವೇ?

ಏಪ್ರಿಲ್ ಕೊನೆಗೆ ಎರಡನೇ ತಪಾಸಣೆ. ಎಡಗಿವಿ ಸ್ವಚ್ಛವಾಗಿತ್ತು. ಶಬ್ದಗಳು ನೂರು ದಾಟಿದ್ದವು, ಎರಡು-ಮೂರು ಶಬ್ದದ ಮಾತು ದಿನವಿಡೀ ಬರುತ್ತಿತ್ತು. ಕಿವಿಯ ನೀರು ಇಂಗಿದ್ದಕ್ಕೆ ಮಾತು ಬಂತೋ, ಮನೆಯ ಮಾತು ಬದಲಾದದ್ದಕ್ಕೋ, ಅಥವಾ ಅಜ್ಜಿ ಹೇಳಿದಂತೆ ಹೊತ್ತು ಬಂದಿತ್ತೋ? ಮೂರನ್ನೂ ಬಿಡಿಸಿ ಹೇಳಲು ಒಂದು ಪ್ರಕರಣದಿಂದ ಆಗುವುದಿಲ್ಲ. ಒಂದೇ ಕಿವಿಯ ನೀರಿನಿಂದ ಇಷ್ಟು ತಡ ಆಗಿರಲಿಕ್ಕಿಲ್ಲ ಎಂಬುದು ನನ್ನ ಅಂದಾಜು.

ತಂದೆಗೆ ಈಗ ಬೇರೆ ಚಿಂತೆ. ಈ ಜೂನ್‌ಗೆ ಹಾಕದಿದ್ದರೆ ‘ಒಂದ್ ವರ್ಷ ವೇಸ್ಟ್ ಆಗ್ತದಲ್ರಿ’. ಅದೇ ತಿಂಗಳು ಸರ್ಕಾರ ಒಂದನೇ ತರಗತಿಯ ವಯಸ್ಸನ್ನು ಸಡಿಲಿಸಿದ್ದರ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿದರು. ಲೆಕ್ಕ ಹಾಕಿದೆವು. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬುದು ರಾಜ್ಯದ ನಿಯಮ. 5 ವರ್ಷ 5 ತಿಂಗಳ ಸಡಿಲಿಕೆ 2025-26ನೇ ಸಾಲಿಗೆ ಮಾತ್ರ. ಆಗಸ್ಟ್‌ನಲ್ಲಿ ಹುಟ್ಟಿದ ಚಿನ್ನುವಿಗೆ 2028ರ ಜೂನ್ 1ಕ್ಕೆ 5 ವರ್ಷ 9 ತಿಂಗಳು. ಅಂದರೆ ಅವನು ಒಂದನೇ ತರಗತಿಗೆ ಹೋಗುವುದು 2029ರಲ್ಲಿ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಯುಕೆಜಿ 2028, ಎಲ್‌ಕೆಜಿ 2027, ನರ್ಸರಿ 2026. ಈ ವರ್ಷ ಪ್ಲೇ ಗ್ರೂಪಿಗೆ ಹಾಕಿದರೂ ಬಿಟ್ಟರೂ ಒಂದನೇ ತರಗತಿಯ ವರ್ಷ ಬದಲಾಗುವುದಿಲ್ಲ. ಅಡ್ಮಿಷನ್ ಕೌಂಟರಿನಲ್ಲಿ ಈ ಲೆಕ್ಕ ಯಾಕೋ ಯಾರೂ ಹಾಕಿ ತೋರಿಸುವುದಿಲ್ಲ.

ಮೂರು ಜಾಗ

ಆದರೂ ಅಜ್ಜಿಯ ಮೊಣಕಾಲು ನೋವು ಹೆಚ್ಚುತ್ತಿತ್ತು, ತಾಯಿಗೆ ಬೆಳಿಗ್ಗೆ ಮೀಟಿಂಗ್‌ಗಳು. ದಿನಕ್ಕೆ ಮೂರು ತಾಸು ಮಗು ಬೇರೆಡೆ ಇರುವುದು ಅವರಿಗೆ ಬೇಕೇ ಇತ್ತು, ಅದು ನ್ಯಾಯವಾದ ಕಾರಣವೂ ಹೌದು. ಹಾಗಾದರೆ ಮಾತು ಕಲಿಸುತ್ತಾರೆಂಬ ಆಸೆಯಿಂದ ಆರಿಸಬೇಡಿ, ಹೋಗಿ ಅರ್ಧ ತಾಸು ಕೂತು ಒಂದನ್ನೇ ಎಣಿಸಿ ಎಂದೆ: ದೊಡ್ಡವರು ಒಂದು ಮಗುವಿನತ್ತ ತಿರುಗಿ, ಉತ್ತರ ಬೇಡುವ ಮಾತನ್ನು ಎಷ್ಟು ಸಲ ಆಡುತ್ತಾರೆ?

ಮೊದಲನೆಯದು ಎರಡು ತಿಂಗಳಲ್ಲಿ ಇಂಗ್ಲಿಷ್ ಆಡಿಸುವ ಶಾಲೆ. ಗೋಡೆ ತುಂಬ ಚಿತ್ರ, ಎಸಿ, ಸಿಸಿಟಿವಿ. ಇಪ್ಪತ್ತೈದರ ಹತ್ತಿರ ಮಕ್ಕಳು, ಒಬ್ಬ ಟೀಚರ್, ಒಬ್ಬ ಆಯಾ. ತಾಯಿ ಎಣಿಸಿ ತಂದ ಸಂಖ್ಯೆ ಮೂರು. ಹೆಚ್ಚು ಕೇಳಿದ್ದು ‘ಫಿಂಗರ್ ಆನ್ ಯುವರ್ ಲಿಪ್ಸ್’. ಮಾತು ಬರಲೆಂದು ಹಣ ಕಟ್ಟಿ ಬಾಯಿಗೆ ಬೆರಳು ಇಡಿಸುವುದು!

ಎರಡನೆಯದು ಎರಡು ಓಣಿ ಆಚೆಯ ಅಂಗನವಾಡಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಅಡಿ 1975ರಿಂದ ನಡೆದು ಬಂದ ವ್ಯವಸ್ಥೆ. ಮೂರರಿಂದ ಆರು ವರ್ಷದವರಿಗೆ ಶಾಲಾಪೂರ್ವ ಶಿಕ್ಷಣ, ಊಟ, ಜೊತೆಗೆ ವರ್ಷಕ್ಕೆ ಎರಡು ಸಲ ಆರೋಗ್ಯ ತಂಡದ ತಪಾಸಣೆ. ಕಾರ್ಯಕರ್ತೆ ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಕನ್ನಡದಲ್ಲಿ ಹರಟುತ್ತಿದ್ದರು: ನಿಮ್ಮ ಮನ್ಯಾಗ ಇವತ್ತ ಏನ್ ಪಲ್ಯ? ಯಾರ ಅಂಗಿಗೆ ಗುಂಡಿ ಇಲ್ಲ? ತಾಯಿ ಹದಿನೈದರವರೆಗೆ ಎಣಿಸಿದರು. ಅಷ್ಟರಲ್ಲಿ ಕಾರ್ಯಕರ್ತೆ ಅಂಗನವಾಡಿಯ ದಾಖಲೆ ಇಡುವ ಸರ್ಕಾರಿ ಪೋಷಣ್ ಟ್ರ್ಯಾಕರ್ ಆ್ಯಪ್ ತುಂಬಲು ಕೂತರು, ಉಳಿದ ಹೊತ್ತು ಮಕ್ಕಳು ತಮ್ಮಷ್ಟಕ್ಕೆ. ಹೀಗಿದ್ದರೂ ನನ್ನ ಒಲವು ಇದರ ಕಡೆಗೇ ಇತ್ತು. ತಂದೆಗೆ ಒಪ್ಪಿಗೆಯಾಗಲಿಲ್ಲ. ‘ಅಂಗನವಾಡಿಗ್ಯಾ?’ ಎಂಬ ಒಂದು ಪದದಲ್ಲಿ ಓಣಿಯ ಮಾನ-ಮರ್ಯಾದೆ ಎಲ್ಲ ಇತ್ತು. ಅದನ್ನು ವಾದ ಮಾಡಿ ಗೆಲ್ಲಲು ನಾನು ಹೋಗಲಿಲ್ಲ.

ಮೂರನೆಯದು ಇಬ್ಬರು ಹೆಣ್ಣುಮಕ್ಕಳು ಬಾಡಿಗೆ ಮನೆಯ ಕೆಳಮಹಡಿಯಲ್ಲಿ ನಡೆಸುವ ಸಣ್ಣ ಶಿಶುವಿಹಾರ. ಹನ್ನೊಂದು ಮಕ್ಕಳು, ಉಸುಕಿನ ಗುಂಪಿ, ಕಲಿಸುವುದು ಇಂಗ್ಲಿಷ್, ಆಡುವುದು ಕನ್ನಡ-ಹಿಂದಿ ಕೂಡಿಸಿ. ಎಣಿಕೆ ಇಪ್ಪತ್ತು ದಾಟಿತು. ದಸರೆ ರಜೆ ಮುಗಿದ ಮೇಲೆ, ಮೂರು ವರ್ಷ ಎರಡು ತಿಂಗಳಿಗೆ, ಅಲ್ಲಿಗೆ ಸೇರಿಸಿದರು. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಎಂಟು ವರ್ಷದವರೆಗೆ ಮನೆಮಾತಿನಲ್ಲೇ ಕಲಿಸಿ, ಆಟದಲ್ಲೇ ಕಲಿಸಿ ಎನ್ನುತ್ತದೆ. ಖಾಸಗಿ ಪ್ಲೇ ಸ್ಕೂಲುಗಳಲ್ಲಿ ಆಟ ಎನ್ನುವುದನ್ನಾದರೂ ಬೋರ್ಡಿನ ಮೇಲೆ ಬರೆಸುತ್ತಾರೆ.

ಸೇರಿದ ಮೇಲೆ ಚಿನ್ನು ಅಲ್ಲಿ ಒಂದು ತಿಂಗಳು ದಾಟಿದರೂ ತುಟಿ ಎರಡು ಮಾಡಲಿಲ್ಲ. ಮನೆಯಲ್ಲಿ ಪಟಪಟ, ಅಲ್ಲಿ ಮೌನ. ಟೀಚರ್ ಗಾಬರಿಯಾಗಿ ವಾಟ್ಸ್‌ಆ್ಯಪ್ ಮಾಡಿದರು. ಹೊಸ ಭಾಷೆ, ಹೊಸ ಜನರ ನಡುವೆ ಬಿದ್ದ ಮಕ್ಕಳಲ್ಲಿ ಇಂಥ ಮೌನ ಸಾಮಾನ್ಯ; ಆಗ ಅವು ಕೇಳುತ್ತಿರುತ್ತವೆ. ಆಟದಲ್ಲಿ ಸೇರುತ್ತಾನೆಯೇ, ಸನ್ನೆ ಮಾಡಿ ಬೇಕಾದ್ದು ತಿಳಿಸುತ್ತಾನೆಯೇ ಎಂದು ಕೇಳಿದೆ. ಹೌದೆಂದರು. ಹಾಗಿದ್ದರೆ ಒತ್ತಾಯ ಬೇಡ, ಕನ್ನಡದಲ್ಲಿ ಉತ್ತರ ಕೊಟ್ಟರೆ ಸಾಕು ಎಂದು ತಿಳಿಸಿದೆ. ಅವನು ಅಲ್ಲಿ ಆಡಿದ ಮೊದಲ ಮಾತು ಇಂಗ್ಲಿಷೂ ಅಲ್ಲ, ಕೇಳಿದ ಪ್ರಶ್ನೆಗೆ ಉತ್ತರವೂ ಅಲ್ಲ. ಪಕ್ಕದ ಹುಡುಗಿ ಅವನ ಡಬ್ಬಿಗೆ ಕೈ ಹಾಕಿದಾಗ ‘ಏ, ನಂದೈತಿ ಅದು’ ಎಂದನಂತೆ.

ಕೊನೆಯ ಸಲ ನೋಡಿದ್ದು 2026ರ ಜನವರಿಯಲ್ಲಿ. ‘ಅಜ್ಜಿ, ಚಿಗಲಿ ನಿಂತೈತಿ, ಹೋಗೂಣು ಬಾ’ ಎನ್ನುತ್ತಾನೆ. ರ ಇನ್ನೂ ಲ ಆಗಿದೆ, ಈ ವಯಸ್ಸಿಗೆ ಅದು ತಕ್ಕದ್ದೇ. ಅಮ್ಮನೊಂದಿಗೆ ಮರಾಠಿ, ಅಜ್ಜಿಯೊಂದಿಗೆ ಕನ್ನಡ, ಯಾರು ಯಾವ ಭಾಷೆ ಎಂಬುದರಲ್ಲಿ ತಪ್ಪುವುದಿಲ್ಲ. ಲಾರಿ ಈಗ ಲಾರಿಯೇ. ಹೊಸದಾಗಿ ಕಂಡದ್ದೆಂದರೆ ವಾಕ್ಯದ ಶುರುವಿನಲ್ಲಿ ‘ನಾ ನಾ ನಾನು’ ಎಂದು ತಡವರಿಸುವುದು. ಮಾತು ಬೇಗ ಬೇಗ ಬೆಳೆಯುವ ಹೊತ್ತಿನಲ್ಲಿ ಬಹಳ ಮಕ್ಕಳಲ್ಲಿ ಇದು ಬಂದು ಹೋಗುತ್ತದೆ. ‘ಸಾವಕಾಶ ಹೇಳು’ ಎಂದು ತಿದ್ದದೆ, ಅವನು ಹೇಳಿ ಮುಗಿಸುವವರೆಗೆ ಮುಖ ನೋಡಿ ಕೇಳಿ ಎಂದಿದ್ದೇನೆ. ಆದರೆ ಹೊರಡುವಾಗ ಅಜ್ಜಿ, ತಮ್ಮ ಮೈದುನ ದೊಡ್ಡವನಾದ ಮೇಲೂ ಉಗ್ಗುತ್ತಿದ್ದ ಎಂದರು. ಮನೆತನದಲ್ಲಿ ಇದ್ದರೆ ಸುಮ್ಮನೆ ಬಿಡುವಂತಿಲ್ಲ. ಮುಖ ಬಿಗಿಯುತ್ತಾನೆಯೇ, ಶಬ್ದ ಸಿಕ್ಕಿಬೀಳುತ್ತದೆಯೇ ಎಂದು ಗಮನಿಸಿ ಬರೆದಿಡಲು ಹೇಳಿ ಏಪ್ರಿಲ್‌ಗೆ ತಾರೀಖು ಕೊಟ್ಟಿದ್ದೇನೆ. ಅಷ್ಟರಲ್ಲಿ ಹೆಚ್ಚಾದರೆ ತಾರೀಖಿಗೆ ಕಾಯದೆ ಕರೆತರಬೇಕು.